ಪೆಪ್ಟೈಡ್ ಸೀರಮ್: ಕೊಳ್ಳುವ ಮೊದಲು, ಹಚ್ಚುವ ಮೊದಲು

ಔಷಧದಂಗಡಿಗಳ ಗಾಜಿನ ಕಪಾಟಿನಲ್ಲಿಯೂ ಮೊಬೈಲ್‌ನ ಜಾಹೀರಾತುಗಳಲ್ಲಿಯೂ ಈಗ ‘ಪೆಪ್ಟೈಡ್’ ಎಂದು ಬರೆದ ಸೀರಮ್‌ನ, ಅಂದರೆ ಮುಖಕ್ಕೆ ಹಚ್ಚುವ ತೆಳು ದ್ರವದ, ಪುಟ್ಟ ಬಾಟಲಿಗಳು ಸಾಲುಗಟ್ಟಿವೆ. ಮೂವತ್ತು ಮಿಲಿಲೀಟರಿಗೆ ಕೆಲವು ನೂರು ರೂಪಾಯಿಯಿಂದ ಹಿಡಿದು ಹಲವು ಸಾವಿರದವರೆಗೆ ಬೆಲೆ. ಸುಕ್ಕು ಮಾಯವಾಗುತ್ತದೆ ಎಂಬ ಮಾತನ್ನು ನಂಬಿ ಕೊಂಡವರು ಎರಡು ವಾರ ಹಚ್ಚಿ, ಏನೂ ಕಾಣದೆ, ಬಾಟಲಿಯನ್ನು ಮೂಲೆಗಿಡುತ್ತಾರೆ. ಇದೆಲ್ಲ ಮೋಸ ಎಂದು ತೀರ್ಪು ಕೊಡುವವರೂ ಇದ್ದಾರೆ. ನಿಜ ಸಂಗತಿ ಇವೆರಡರ ನಡುವೆ ಇದೆ. ವಯಸ್ಸಾಗುತ್ತಿರುವ ಚರ್ಮಕ್ಕೆ ಪೆಪ್ಟೈಡ್ ನೆರವಾಗಬಲ್ಲದು. ಆದರೆ ಆ ನೆರವು ಸಣ್ಣದು, ನಿಧಾನದ್ದು. ಬಿಸಿಲಿನಿಂದ ರಕ್ಷಣೆ ಇಲ್ಲದ ಮುಖಕ್ಕೆ ಅದನ್ನು ಹಚ್ಚಿದರೆ ದುಡ್ಡು ಬಹುಮಟ್ಟಿಗೆ ನೀರುಪಾಲು.

ಚರ್ಮದ ಮೇಲ್ಪದರದ ಕೆಳಗೆ, ಒಳಚರ್ಮದಲ್ಲಿ, ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳ ಹೆಣಿಗೆಯಿದೆ. ಹೊಸದರಲ್ಲಿ ಬಿಗಿಯಾಗಿದ್ದ ನವಾರು ಮಂಚ ವರ್ಷಗಳು ಕಳೆದಂತೆ ನಡುವೆ ಜೋತು ಬೀಳುವ ಹಾಗೆ ಈ ಹೆಣಿಗೆಯೂ ಸಡಿಲಗೊಳ್ಳುತ್ತದೆ. ಯೌವನ ಕಳೆದ ಮೇಲೆ ಕೊಲಾಜೆನ್ ವರ್ಷಕ್ಕೆ ಸುಮಾರು ಶೇ 1ರಷ್ಟು ಕಡಿಮೆಯಾಗುತ್ತದೆ ಎಂಬುದು ಚರ್ಮವಿಜ್ಞಾನದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಮಹಿಳೆಯರಲ್ಲಿ ಮುಟ್ಟು ನಿಂತ ಮೇಲಿನ ಮೊದಲ ಐದು ವರ್ಷಗಳಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಕುಸಿಯುವುದರಿಂದ ಸುಮಾರು ಶೇ 30ರಷ್ಟು ಕೊಲಾಜೆನ್ ಹೋಗಬಹುದು. ‘ನಲವತ್ತೆಂಟರವರೆಗೆ ಚೆನ್ನಾಗಿತ್ತು, ಆಮೇಲೆ ಮುಖ ಒಮ್ಮೆಲೇ ಇಳಿದುಹೋಯಿತು’ ಎಂದು ಎಷ್ಟೋ ಅಕ್ಕಂದಿರು ಹೇಳುವುದು ಭ್ರಮೆಯಲ್ಲ. ಅದಕ್ಕೆ ದೇಹದೊಳಗೆ ಕಾರಣವಿದೆ. ಆ ಮಾತನ್ನು ಮನೆಯವರು ಹಗುರವಾಗಿ ತೆಗೆದುಕೊಳ್ಳಬಾರದು.

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಚಿಕ್ಕ ಸರಣಿ. ಅದು ಉದ್ದವಾದರೆ ಪ್ರೋಟೀನ್. ಕೊಲಾಜೆನ್ ಒಡೆದಾಗ ಹುಟ್ಟುವ ಕೆಲವು ತುಣುಕುಗಳು ಚರ್ಮದ ಕೋಶಗಳಿಗೆ ‘ಇಲ್ಲಿ ರಿಪೇರಿ ಬೇಕು’ ಎಂಬ ಸೂಚನೆಯಾಗುತ್ತವೆ. ಅಂಥ ತುಣುಕನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ ಹೊರಗಿನಿಂದ ಹಚ್ಚಿದರೆ ಕೋಶಗಳು ಹೊಸ ಕೊಲಾಜೆನ್ ಕಟ್ಟಲು ಮುಂದಾಗಬಹುದಲ್ಲವೇ ಎಂಬುದೇ ಈ ಸೀರಮ್‌ಗಳ ಹಿಂದಿನ ತರ್ಕ.

ಯಾವ ಪೆಪ್ಟೈಡ್ ಏನು ಮಾಡುತ್ತದೆ

ಬಾಟಲಿಯ ಮೇಲೆ ‘ಪೆಪ್ಟೈಡ್’ ಎಂದಷ್ಟೇ ಇದ್ದರೆ ಏನೂ ತಿಳಿಯದು. ಮೂರು ಹೆಸರುಗಳನ್ನು ಗುರುತಿಟ್ಟುಕೊಂಡರೆ ಬಹುತೇಕ ಸಾಕು.

ಮೊದಲನೆಯದು ಪಾಲ್ಮಿಟಾಯ್ಲ್ ಪೆಂಟಾಪೆಪ್ಟೈಡ್-4. ಮ್ಯಾಟ್ರಿಕ್ಸಿಲ್ ಎಂಬ ವ್ಯಾಪಾರಿ ಹೆಸರಿನಲ್ಲಿ ಪ್ರಸಿದ್ಧ. ಐದು ಅಮೈನೋ ಆಮ್ಲಗಳ ಈ ತುಣುಕು ಕೊಲಾಜೆನ್‌ನ ಮೂಲರೂಪದಿಂದಲೇ ಬಂದದ್ದು. ಅದು ಕೋಶಗಳಲ್ಲಿ ಹೊಸ ನಾರಿನ ಉತ್ಪಾದನೆಯನ್ನು ಪ್ರಚೋದಿಸುತ್ತದೆ ಎಂದು 1993ರಲ್ಲಿ ಪ್ರಯೋಗಾಲಯದ ಅಧ್ಯಯನವೊಂದು ತೋರಿಸಿತು. 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 35ರಿಂದ 55 ವರ್ಷದ 93 ಮಹಿಳೆಯರು ಮುಖದ ಒಂದು ಬದಿಗೆ ಪೆಪ್ಟೈಡ್ ಇರುವ ಕ್ರೀಮ್, ಇನ್ನೊಂದು ಬದಿಗೆ ಪೆಪ್ಟೈಡ್ ಇಲ್ಲದ ಅದೇ ಕ್ರೀಮ್ ಹಚ್ಚಿಕೊಂಡರು. ಯಾವ ಬದಿಗೆ ಯಾವುದು ಎಂಬುದು ಅವರಿಗೆ ತಿಳಿದಿರಲಿಲ್ಲ. ಹನ್ನೆರಡು ವಾರಗಳ ಕೊನೆಗೆ ಪೆಪ್ಟೈಡ್ ಹಚ್ಚಿದ ಬದಿಯ ಸಣ್ಣ ಗೆರೆಗಳು ಕಡಿಮೆಯಾಗಿದ್ದವು. ಆ ಕ್ರೀಮ್‌ನಲ್ಲಿ ಪೆಪ್ಟೈಡ್ ಇದ್ದದ್ದು ಹತ್ತು ಲಕ್ಷ ಭಾಗಕ್ಕೆ ಮೂರೇ ಭಾಗ! ಆದರೆ ಇನ್ನೆರಡು ಮಾತನ್ನೂ ಹೇಳಬೇಕು: ಪರೀಕ್ಷೆ ನಡೆಸಿದವರು ಇಂಥ ಕ್ರೀಮ್ ಮಾರುವ ಕಂಪನಿಯ ವಿಜ್ಞಾನಿಗಳು, ಮತ್ತು ಪಾಲ್ಗೊಂಡವರೆಲ್ಲ ಬಿಳಿಯ ಚರ್ಮದವರು. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಮುಖಗಳಿಗೆ ಅದೇ ಫಲ ಅದೇ ಪ್ರಮಾಣದಲ್ಲಿ ಸಿಗುತ್ತದೆ ಎಂದು ಅದರಿಂದ ಹೇಳಲಾಗದು.

ಎರಡನೆಯದು ತಾಮ್ರದ ಪೆಪ್ಟೈಡ್. ಲೇಬಲ್ಲಿನಲ್ಲಿ ಕಾಪರ್ ಟ್ರೈಪೆಪ್ಟೈಡ್-1. ಗ್ಲೈಸಿನ್, ಹಿಸ್ಟಿಡಿನ್, ಲೈಸಿನ್ ಎಂಬ ಮೂರು ಅಮೈನೋ ಆಮ್ಲಗಳ ಈ ಸರಣಿಯನ್ನು ಅಮೆರಿಕದ ವಿಜ್ಞಾನಿ ಲೋರೆನ್ ಪಿಕಾರ್ಟ್ 1973ರಲ್ಲಿ ಮನುಷ್ಯರ ರಕ್ತದ ಪ್ಲಾಸ್ಮಾದಲ್ಲಿ ಗುರುತಿಸಿದರು. ತಾಮ್ರವನ್ನು ಹಿಡಿದುಕೊಳ್ಳುವುದು ಇದರ ಗುಣ. ಗಾಯ ಮಾಯುವ ಕ್ರಿಯೆಯಲ್ಲಿ ಇದರ ಪಾತ್ರದ ಬಗ್ಗೆ ಸಾಕಷ್ಟು ಕೆಲಸ ನಡೆದಿದೆ. ಸೀರಮ್ ನೀಲಿಯಾಗಿ ಕಂಡರೆ ಹೆದರಬೇಡಿ, ಅದು ತಾಮ್ರದ ಸಹಜ ಬಣ್ಣ.

ಮೂರನೆಯದು ಅಸಿಟೈಲ್ ಹೆಕ್ಸಾಪೆಪ್ಟೈಡ್-8, ವ್ಯಾಪಾರಿ ಹೆಸರು ಆರ್ಜಿರೆಲಿನ್. ಇದನ್ನು ‘ಸೂಜಿಯಿಲ್ಲದ ಬೊಟಾಕ್ಸ್’ ಎಂದು ಮಾರುವುದು ಉಂಟು. ಆ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ. ಬೊಟಾಕ್ಸ್ ಎಂದರೆ ಸ್ನಾಯುವನ್ನು ಸಡಿಲಿಸಿ ಸುಕ್ಕು ತಗ್ಗಿಸುವ ಚುಚ್ಚುಮದ್ದು, ಅದು ಸೂಜಿಯ ಮೂಲಕ ನೇರವಾಗಿ ಸ್ನಾಯುವಿಗೇ ಸೇರುತ್ತದೆ. ಹಚ್ಚುವ ಸೀರಮ್ ಚರ್ಮದ ಪದರಗಳನ್ನೆಲ್ಲ ದಾಟಿ ಅಲ್ಲಿಗೆ ಮುಟ್ಟಬೇಕು. ಡಾಲ್ಟನ್ ಎಂಬುದು ಅಣುವಿನ ತೂಕದ ಅಳತೆ. ಸಾಮಾನ್ಯವಾಗಿ 500 ಡಾಲ್ಟನ್‌ಗಿಂತ ದೊಡ್ಡ ಅಣುಗಳು ಆರೋಗ್ಯವಂತ ಚರ್ಮವನ್ನು ದಾಟುವುದು ಕಷ್ಟ. ಆರ್ಜಿರೆಲಿನ್‌ನ ಅಣುತೂಕ ಸುಮಾರು 889. ಮ್ಯಾಟ್ರಿಕ್ಸಿಲ್ ಕೂಡ ದೊಡ್ಡದೇ, ಸುಮಾರು 802. ಆದ್ದರಿಂದಲೇ ಅದಕ್ಕೆ ಪಾಲ್ಮಿಟಿಕ್ ಆಮ್ಲ ಎಂಬ ಕೊಬ್ಬಿನ ಅಂಶವನ್ನು ಜೋಡಿಸಿ ಚರ್ಮದ ಎಣ್ಣೆಯಂಶದ ಪದರದಲ್ಲಿ ಇಳಿಯುವಂತೆ ಮಾಡಿದ್ದಾರೆ. ಲೆಕ್ಕ ಇಷ್ಟಿರುವಾಗ, ಮೂರು ಲಕ್ಷ ಡಾಲ್ಟನ್ ತೂಗುವ ಇಡೀ ಕೊಲಾಜೆನ್ ಅಣುವನ್ನೇ ಕ್ರೀಮ್‌ನಲ್ಲಿ ಬೆರೆಸಿ ‘ಕೊಲಾಜೆನ್ ತುಂಬುತ್ತದೆ’ ಎನ್ನುವುದಕ್ಕೆ ಅರ್ಥವಿಲ್ಲ. ಅದು ಮೇಲೆಯೇ ಉಳಿದು ಚರ್ಮವನ್ನು ತೇವವಾಗಿಡುತ್ತದೆ, ಅಷ್ಟೇ.

ಮೊದಲ ಹೆಜ್ಜೆ ಸನ್‌ಸ್ಕ್ರೀನ್

ಪೆಪ್ಟೈಡ್‌ಗೆ ದುಡ್ಡು ಎತ್ತಿಡುವ ಮೊದಲು ಸನ್‌ಸ್ಕ್ರೀನ್‌ಗೆ ಎತ್ತಿಡಿ. ಬಿಸಿಲಿನ ಯುವಿಎ ಕಿರಣ ಒಳಚರ್ಮದವರೆಗೆ ಇಳಿದು ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಮೋಡವಾಗಲಿ, ಕಿಟಕಿಯ ಮಾಮೂಲು ಗಾಜಾಗಲಿ ಅದನ್ನು ಪೂರ್ತಿ ತಡೆಯುವುದಿಲ್ಲ. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 69 ವರ್ಷದ ಲಾರಿ ಚಾಲಕರೊಬ್ಬರ ಚಿತ್ರ ಪ್ರಕಟವಾಯಿತು. 28 ವರ್ಷ ಲಾರಿ ಓಡಿಸಿದ್ದ ಅವರ ಮುಖದ ಎಡಬದಿ, ಅಂದರೆ ಅಲ್ಲಿನ ಚಾಲಕರಿಗೆ ಕಿಟಕಿಯಿರುವ ಬದಿ, ಬಲಬದಿಗಿಂತ ಎಷ್ಟೋ ಹೆಚ್ಚು ಸುಕ್ಕುಗಟ್ಟಿತ್ತು. ಒಂದೇ ಮುಖ, ಒಂದೇ ವಯಸ್ಸು. ನಮ್ಮಲ್ಲಿ ಚಾಲಕರಿಗೆ ಕಿಟಕಿ ಬಲಕ್ಕಿದೆ ಎಂಬುದಷ್ಟೇ ವ್ಯತ್ಯಾಸ. ದಿನವೂ ಬಸ್ಸಿನ ಕಿಟಕಿ ಪಕ್ಕ ಕೂರುವವರು, ಸ್ಕೂಟರ್ ಓಡಿಸುವವರು, ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಹೊಲಕ್ಕೆ ಹೋಗುವವರು ಈ ಚಿತ್ರವನ್ನು ನೆನಪಿನಲ್ಲಿಡಬೇಕು.

ಬಿಸಿಲಿನಿಂದ ರಕ್ಷಣೆಯ ಅಂಕಿಯಾದ ಎಸ್‌ಪಿಎಫ್ 30 ಅಥವಾ ಹೆಚ್ಚು, ಜೊತೆಗೆ ಯುವಿಎ ತಡೆಯನ್ನು ಸೂಚಿಸುವ ಪಿಎ ಎಂಬ ಗುರುತಿನ ಮುಂದೆ ಮೂರೋ ನಾಲ್ಕೋ ಪ್ಲಸ್ ಇರುವುದನ್ನು ಆರಿಸಿ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದರೆ ಎಷ್ಟಾಗುತ್ತದೋ ಅಷ್ಟು ಮುಖ ಮತ್ತು ಕುತ್ತಿಗೆಗೆ ಬೇಕು. ಕಡಲೆಕಾಳಿನಷ್ಟು ಸವರಿದರೆ ಬಾಟಲಿಯ ಮೇಲಿರುವ ರಕ್ಷಣೆ ಸಿಗದು. ಹೊರಗೆ ಇರುವುದಾದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಸೆರಗು, ಟೊಪ್ಪಿಗೆ, ಕೊಡೆ ಇವೂ ರಕ್ಷಣೆಯೇ.

ನಮ್ಮ ಚರ್ಮದಲ್ಲಿ ಸುಕ್ಕಿಗಿಂತ ಮೊದಲು ವಯಸ್ಸನ್ನು ತೋರಿಸುವುದು ಬಣ್ಣ: ಕೆನ್ನೆಯ ಬಂಗು, ಕಪ್ಪು ಕಲೆ, ಕಣ್ಣಿನ ಸುತ್ತಲ ಕಪ್ಪು. ನಿಮ್ಮ ಮುಖ್ಯ ಚಿಂತೆ ಅದಾದರೆ ಪೆಪ್ಟೈಡ್ ಕೊಳ್ಳಬೇಡಿ, ಅದು ಆ ಕೆಲಸದ ವಸ್ತುವಲ್ಲ. ಬಂಗಿಗೆ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ. ಉಳಿದದ್ದನ್ನು ಚರ್ಮರೋಗ ತಜ್ಞರು ನೋಡಿ ಹೇಳಲಿ.

ಲೇಬಲ್ ಓದುವುದು

ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಒಳಗಿನ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಶೇ 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಕೊನೆಗೆ ಯಾವ ಕ್ರಮದಲ್ಲಾದರೂ ಬರೆಯಬಹುದು. ಪೆಪ್ಟೈಡ್‌ಗಳು ಬಹುತೇಕ ಈ ಕೊನೆಯ ಗುಂಪಿನಲ್ಲಿಯೇ ಇರುತ್ತವೆ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಬಳಸಿದ ಪ್ರಮಾಣ ನೆನಪಿದ್ದರೆ, ಪಟ್ಟಿಯ ತುದಿಯಲ್ಲಿ ಹೆಸರು ಕಂಡಿತೆಂದು ಬೇಸರಪಡಬೇಕಿಲ್ಲ ಎಂಬುದು ತಿಳಿಯುತ್ತದೆ. ಪೆಪ್ಟೈಡ್‌ನ ಹೆಸರು ಪೂರ್ತಿಯಾಗಿ, ಅಂಕಿಯೊಂದಿಗೆ ಇದೆಯೇ ಎಂದು ನೋಡಿ. ‘ಶೇ 10 ಪೆಪ್ಟೈಡ್’ ಎಂಬ ದೊಡ್ಡ ಅಕ್ಷರಕ್ಕೆ ಮರುಳಾಗಬೇಡಿ. ಹೆಚ್ಚಿನ ಸಲ ಅದು ಕಚ್ಚಾವಸ್ತುವಾಗಿ ಬರುವ ಪೆಪ್ಟೈಡ್ ದ್ರಾವಣದ ಪ್ರಮಾಣ. ದ್ರಾವಣದೊಳಗೆ ಬಹುಪಾಲು ನೀರು, ಗ್ಲಿಸರಿನ್‌ನಂಥವು ಇರುತ್ತವೆ, ಶುದ್ಧ ಪೆಪ್ಟೈಡ್ ತೀರ ಸ್ವಲ್ಪ.

ತಯಾರಕರ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇರಲೇಬೇಕು. ವಿದೇಶದ್ದಾದರೆ ಆಮದು ನೋಂದಣಿ ಸಂಖ್ಯೆಯೂ ಇರಬೇಕು. ಇವು ಇಲ್ಲದ ಬಾಟಲಿಯನ್ನು ಎಷ್ಟು ಅಗ್ಗವಾಗಿ ಕೊಟ್ಟರೂ ತೆಗೆದುಕೊಳ್ಳಬೇಡಿ. ನಿಮ್ಮ ಚರ್ಮ ಸೂಕ್ಷ್ಮವಾಗಿದ್ದರೆ ಸುವಾಸನೆ ಸೇರಿಸದ್ದನ್ನೇ ಹುಡುಕಿ. ಗಾಳಿ ತಾಗದ ಪಂಪ್ ಬಾಟಲಿ ಸಿಕ್ಕರೆ ಅಗಲ ಬಾಯಿಯ ಡಬ್ಬಿಗಿಂತ ಒಳ್ಳೆಯದು.

ಹಚ್ಚುವ ಕ್ರಮ

ಹೊಸ ಸೀರಮ್ಮನ್ನು ಮುಖಕ್ಕೆ ಹಚ್ಚುವ ಮೊದಲು ಮುಂಗೈಯ ಒಳಭಾಗದಲ್ಲಿ ಒಂದೇ ಜಾಗಕ್ಕೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ಕೆಂಪು, ತುರಿಕೆ, ಉರಿ ಇಲ್ಲದಿದ್ದರೆ ಮುಂದುವರಿಯಿರಿ.

ಬೆಳಗ್ಗೆ ಮುಖ ತೊಳೆಯಲು ಮೃದುವಾದ ಫೇಸ್‌ವಾಶ್ ಸಾಕು. ಮಾಮೂಲು ಸೋಪು ಕ್ಷಾರೀಯ, ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ. ಐವತ್ತರ ಒಣ ಚರ್ಮಕ್ಕೆ ಸೋಪು ಇನ್ನಷ್ಟು ಬಿಗಿತ ತರುತ್ತದೆ. ಕಡಲೆಹಿಟ್ಟಿನಿಂದ ಗಸಗಸ ಉಜ್ಜುವ ಅಭ್ಯಾಸವಿದ್ದರೆ ಉಜ್ಜುವುದನ್ನು ಬಿಟ್ಟು ಮೆಲ್ಲನೆ ಸವರಿ ತೊಳೆಯಿರಿ. ಮುಖ ತುಸು ಒದ್ದೆಯಿರುವಾಗಲೇ ಸೀರಮ್‌ನ ಮೂರು ನಾಲ್ಕು ಹನಿಗಳನ್ನು ಹಣೆ, ಕೆನ್ನೆ, ಗಲ್ಲ, ಕುತ್ತಿಗೆಗೆ ಹಚ್ಚಿ. ಡ್ರಾಪರಿನ ತುದಿಯನ್ನು ಮುಖಕ್ಕೆ ತಾಗಿಸಬೇಡಿ. ಒಂದೆರಡು ನಿಮಿಷದಲ್ಲಿ ಅದು ಆರಿದ ಮೇಲೆ ಮಾಯಿಶ್ಚರೈಸರ್, ಅದರ ಮೇಲೆ ಸನ್‌ಸ್ಕ್ರೀನ್. ಮಂಗಳೂರು, ಕಾರವಾರದ ಸೆಕೆಯಲ್ಲಿ ಮಾಯಿಶ್ಚರೈಸರ್ ಬಿಟ್ಟರೂ ನಡೆಯುತ್ತದೆ, ಸನ್‌ಸ್ಕ್ರೀನ್ ಬಿಡುವಂತಿಲ್ಲ. ಬೆಂಗಳೂರು, ಬೆಳಗಾವಿಯ ಡಿಸೆಂಬರ್ ಚಳಿಯಲ್ಲಿ ದಪ್ಪ ಕ್ರೀಮ್ ಬೇಕಾಗುತ್ತದೆ. ರಾತ್ರಿ ಮುಖ ತೊಳೆದು ಸೀರಮ್, ಮೇಲೆ ಕ್ರೀಮ್. ಕೊಬ್ಬರಿ ಎಣ್ಣೆ ಹಚ್ಚುವವರು ಅದನ್ನು ಕೊನೆಗೆ ಹಚ್ಚಲಿ. ಎಣ್ಣೆಯ ಮೇಲೆ ನೀರಿನ ಸೀರಮ್ ಕೂರುವುದಿಲ್ಲ. ಮೊಡವೆ ಏಳುವ ಮುಖಕ್ಕೆ ಎಣ್ಣೆಯೇ ಬೇಡ.

ಬೇರೆ ವಸ್ತುಗಳ ಜೊತೆ ಬೆರೆಸುವಾಗ ತಾಮ್ರದ ಪೆಪ್ಟೈಡ್ ಬಗ್ಗೆ ಮಾತ್ರ ವಿಶೇಷ ಎಚ್ಚರ ಬೇಕು. ಆಸ್ಕಾರ್ಬಿಕ್ ಆಮ್ಲ ರೂಪದ ವಿಟಮಿನ್ ಸಿ, ಗ್ಲೈಕಾಲಿಕ್ ಆಮ್ಲ ಇಂಥ ಹುಳಿಯಾದ ಸೀರಮ್‌ಗಳ ಜೊತೆಗೆ ಅದನ್ನು ಒಟ್ಟಿಗೆ ಹಚ್ಚಿದರೆ ತಾಮ್ರದ ಬಂಧ ಸಡಿಲವಾಗಬಹುದು. ವಿಟಮಿನ್ ಸಿ ಬೆಳಗ್ಗೆ, ತಾಮ್ರ ರಾತ್ರಿ ಎಂದು ಇಟ್ಟುಕೊಂಡರೆ ತೊಂದರೆಯಿಲ್ಲ. ನಿಯಾಸಿನಮೈಡ್, ಹೈಲುರಾನಿಕ್ ಆಮ್ಲ ಎಲ್ಲ ಪೆಪ್ಟೈಡ್‌ಗಳ ಜೊತೆಗೂ ಹೊಂದುತ್ತವೆ.

ಸುಕ್ಕಿನ ವಿರುದ್ಧ ಹಚ್ಚುವ ವಸ್ತುಗಳಲ್ಲಿ ಅತಿ ಗಟ್ಟಿ ಪುರಾವೆ ಇರುವುದು ವೈದ್ಯರು ಬರೆದುಕೊಡುವ, ವಿಟಮಿನ್ ಎ ವರ್ಗದ ಟ್ರೆಟಿನಾಯಿನ್‌ಗೆ. ಅದರ ಮುಂದೆ ಪೆಪ್ಟೈಡ್‌ಗಳ ಪುರಾವೆ ತೆಳುವು. ಆದರೆ ಟ್ರೆಟಿನಾಯಿನ್ ಉರಿಸುತ್ತದೆ, ಸಿಪ್ಪೆ ಏಳಿಸುತ್ತದೆ, ಗರ್ಭಿಣಿಯರು ಹಚ್ಚುವಂತಿಲ್ಲ. ಉರಿಯ ನಂತರ ಕಪ್ಪು ಕಲೆ ಉಳಿಯುವುದು ನಮ್ಮ ಚರ್ಮದ ಸ್ವಭಾವ. ಟ್ರೆಟಿನಾಯಿನ್ ತಾಳಲಾರದ ಮುಖಕ್ಕೆ, ಮುಟ್ಟು ನಿಲ್ಲುವ ಹೊತ್ತಿನಲ್ಲಿ ತೆಳುವಾಗಿ ಒಣಗಿದ ಚರ್ಮಕ್ಕೆ, ಪೆಪ್ಟೈಡ್ ನಿಜಕ್ಕೂ ಒಳ್ಳೆಯ ಆಯ್ಕೆ. ತಾಳುವವರು ವಾರದಲ್ಲಿ ಎರಡು ಮೂರು ರಾತ್ರಿ ಟ್ರೆಟಿನಾಯಿನ್, ಉಳಿದ ರಾತ್ರಿ ಪೆಪ್ಟೈಡ್ ಎಂದು ವೈದ್ಯರನ್ನು ಕೇಳಿ ಹಂಚಿಕೊಳ್ಳಬಹುದು.

ಕಾಯುವುದು

ಮೊದಲ ವಾರದಲ್ಲಿಯೇ ಮುಖ ನುಣುಪಾಗಿ ಕಂಡರೆ ಅದು ಸೀರಮ್‌ನಲ್ಲಿರುವ ತೇವಾಂಶದ ಗುಣ, ಕೊಲಾಜೆನ್‌ನದಲ್ಲ. ಹೊಸ ನಾರು ಹೆಣೆಯಲು ತಿಂಗಳುಗಳು ಬೇಕು. ಶುರು ಮಾಡುವ ದಿನ ಬೆಳಗ್ಗೆ ಒಂದು ಕಿಟಕಿಯ ಬಳಿ ನಗದೆ, ಮೇಕಪ್ ಇಲ್ಲದೆ ಮುಖದ ಫೋಟೊ ತೆಗೆದಿಡಿ. ಹನ್ನೆರಡು ವಾರದ ಮೇಲೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಇನ್ನೊಂದು ತೆಗೆಯಿರಿ. ಕಣ್ಣಿನ ಅಂಚಿನ ಸಣ್ಣ ಗೆರೆಗಳನ್ನು ಹೋಲಿಸಿ. ಮೂಗಿನಿಂದ ಬಾಯಿಯ ತುದಿಗೆ ಇಳಿಯುವ ಆಳದ ಮಡಿಕೆಯನ್ನು, ಜೋತ ಗಲ್ಲವನ್ನು ಯಾವ ಸೀರಮ್ಮೂ ಎತ್ತಲಾರದು. ವ್ಯತ್ಯಾಸ ಕಂಡಿಲ್ಲವಾದರೆ ಎರಡನೆಯ ಬಾಟಲಿ ಕೊಳ್ಳಬೇಡಿ. ಆ ದುಡ್ಡು ಮುಂದಿನ ತಿಂಗಳ ಸನ್‌ಸ್ಕ್ರೀನ್‌ಗೆ ಆಗುತ್ತದೆ.

ಮಾಡಬಾರದ ಕೆಲವು

ಮುಖಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗಬೇಡಿ. ಅದರಲ್ಲಿರುವ ಅಂಶಗಳು ಬಿಸಿಲಿನೊಂದಿಗೆ ಸೇರಿ ಸುಟ್ಟ ಗಾಯ, ದಟ್ಟ ಕಲೆ ಉಂಟುಮಾಡುತ್ತವೆ. ಅಂತರಜಾಲದಲ್ಲಿ ಪುಡಿಯ ರೂಪದಲ್ಲಿ ಸಿಗುವ ಪೆಪ್ಟೈಡ್‌ಗಳನ್ನು ಮನೆಯಲ್ಲಿ ಕಲಸಿ ಚುಚ್ಚಿಕೊಳ್ಳುವ ಸಾಹಸವಂತೂ ಬೇಡವೇ ಬೇಡ. ಹಚ್ಚುವ ವಸ್ತುವಿನ ಸುರಕ್ಷತೆ ಚುಚ್ಚುವ ವಸ್ತುವಿಗೆ ಅನ್ವಯಿಸುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಬೆಳ್ಳಗಾಗಲೆಂದು ವರ್ಷಗಟ್ಟಲೆ ಸ್ಟಿರಾಯ್ಡ್ ಬೆರೆಸಿದ ಕ್ರೀಮ್ ಹಚ್ಚಿಕೊಂಡಿರುವ ಹೆಣ್ಣುಮಕ್ಕಳ ಪಾಡು. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳು ನಿಮ್ಮ ಟ್ಯೂಬಿನ ಮೇಲಿವೆಯೇ ಎಂದು ಈಗಲೇ ನೋಡಿ. ದೀರ್ಘಕಾಲ ಹಚ್ಚಿದರೆ ಇವು ಚರ್ಮವನ್ನು ಕಾಗದದಷ್ಟು ತೆಳುವಾಗಿಸುತ್ತವೆ, ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಬಿಟ್ಟ ಕೂಡಲೇ ಮುಖ ಉರಿದು ಊದಿಕೊಳ್ಳುತ್ತದೆ. ಅಂಥ ಮುಖಕ್ಕೆ ಪೆಪ್ಟೈಡ್ ಹಚ್ಚುವುದು ಪರಿಹಾರವಲ್ಲ. ಕ್ರೀಮನ್ನು ನೀವೇ ಥಟ್ಟನೆ ನಿಲ್ಲಿಸದೆ, ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮರೋಗ ತಜ್ಞರ ಬಳಿಗೆ ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿಯೂ ಚರ್ಮರೋಗ ವಿಭಾಗವಿರುತ್ತದೆ. ಹೊರರೋಗಿ ಚೀಟಿ ಮಾಡಿಸಿದರೆ ಸಾಕು.