ಬಿಟ್ಟ ಮೀನು ಬದುಕಬೇಕಾದರೆ

ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನು 2018ರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್‌ನ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಪರವಾನಗಿ ಇದ್ದಲ್ಲಿ ಗಾಳ ಹಾಕಿದಾಗಲೂ ಅದು ಸಿಕ್ಕರೆ ಬಿಟ್ಟುಬಿಡಿ. ಬಿಟ್ಟದ್ದೆಲ್ಲ ಬದುಕುತ್ತದೆ ಅಂದುಕೊಳ್ಳಬೇಡಿ.

ಮೂರು ಕೊಕ್ಕೆಯದು ಬೇಡ, ಒಂಟಿ ಗಾಳ ಸಾಕು. ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಹತ್ತಿಬಟ್ಟೆಗೆ ಚುಚ್ಚಿ ಎಳೆದಾಗ ಸಿಕ್ಕಿಕೊಳ್ಳದೆ ಬಂದರೆ ಸರಿ. ದಾರ ತೆಳುವಾದರೆ ಮೀನನ್ನು ಬಹಳ ಹೊತ್ತು ಆಡಿಸಬೇಕಾಗುತ್ತದೆ, ದಡಕ್ಕೆ ಬರುವಷ್ಟರಲ್ಲಿ ಅದು ಅರ್ಧ ಸತ್ತಿರುತ್ತದೆ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ: ಒಣಗೈಗೆ ಮೈಮೇಲಿನ ಲೋಳೆ ಅಂಟಿ ಬಂದರೆ ಮೀನಿಗೆ ಸೋಂಕು ತಗಲುತ್ತದೆ. ಗಾಳ ನುಂಗಿದ್ದರೆ ಕೀಳಬೇಡಿ, ಬಾಯಿಯ ಹತ್ತಿರವೇ ದಾರ ಕತ್ತರಿಸಿ. ಫೋಟೊ ಬೇಕೇ? ನೀರಲ್ಲೇ ತೆಗೆಯಿರಿ. ಕಿವಿರಿಗೆ ಬೆರಳು ಹಾಕಿ ನೇತಾಡಿಸುವುದಂತೂ ಕೊಂದಂತೆಯೇ. ಬಿಡುವಾಗ ತಲೆ ಹರಿವಿಗೆ ಎದುರಾಗಿರಲಿ. ಬಾಲ ಬಡಿದು ತಾನೇ ಹೋಗುವವರೆಗೆ ಹೊಟ್ಟೆಯಡಿ ಕೈಯಾಸರೆ ಕೊಡಿ.