ತಂಗಿಯ ಬೊಕೆಗೆ 140 ಬಾರೆಹಣ್ಣು

ನನ್ನ ತಂಗಿಯ ಮದುವೆ ಮೇ ತಿಂಗಳಿಗೆ ನಿಶ್ಚಯವಾಯಿತು. ಕೊಪ್ಪಳದ ಮೇ ಅಂದರೆ ಕೇಳಬೇಕಾ, 40 ಡಿಗ್ರಿ ದಾಟಿದ ಬಿಸಿಲು. ಹಿಂದಿನ ವರ್ಷ ದೊಡ್ಡಪ್ಪನ ಮಗಳ ಆರತಕ್ಷತೆಗೆ ಗುಲಾಬಿ ಬೊಕೆ ತಂದಿದ್ದರು. ಸಾಲಿನಲ್ಲಿ ನಿಂತವರ ಫೋಟೊ ಮುಗಿಯುವಷ್ಟರಲ್ಲಿ ಅದು ತಲೆ ಜೋತು ಹಾಕಿತ್ತು. ಅದನ್ನು ನೋಡಿದ್ದ ತಂಗಿ "ಅಕ್ಕಾ, ನೀನೇ ಏನರ ಮಾಡಿ ಕೊಡು" ಅಂತ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಬಿಳಿ ಹೂಗಳ ನಡುವೆ ಕೆಂಪು ಹಣ್ಣಿನ ಗೊಂಚಲು.

ನಾನು ಟೇಲರಿಂಗ್ ಮಾಡುವವಳು. ಬಟ್ಟೆಯ ಹೂವು ನನಗೆ ದೊಡ್ಡ ಕೆಲಸವಲ್ಲ, ಸ್ಯಾಟಿನ್ ಚೂರು ಮನೆಯಲ್ಲೇ ಬಿದ್ದಿರುತ್ತವೆ. ಹಣ್ಣು ಮಾತ್ರ ಹೊಸದು.

ಮೊದಲು ಸುಲಭದ ದಾರಿ ಹಿಡಿದೆ. ಸಣ್ಣ ಥರ್ಮಾಕೋಲ್ ಗುಂಡು ತಂದು ಮೇಲೆ ಕೆಂಪು ನೇಲ್ ಪಾಲಿಶ್ ಹಚ್ಚಿದೆ. ಹಚ್ಚುತ್ತಿದ್ದಂತೆ ಗುಂಡು ಕಣ್ಣೆದುರೇ ಕರಗಿ, ಹುಳ ತಿಂದ ಕಾಯಿಯ ಹಾಗೆ ಗುಳಿ ಬಿತ್ತು. ನೇಲ್ ಪಾಲಿಶ್‌ನಲ್ಲಿರುವ ದ್ರಾವಕ ಥರ್ಮಾಕೋಲನ್ನು ತಿನ್ನುತ್ತದೆ. ಆ ದಿನದ ಕೆಲಸ ಅಲ್ಲಿಗೇ ಮುಗಿಯಿತು.

ಆಮೇಲೆ ಫೆವಿಕಾಲ್ ಹಿಟ್ಟಿಗೆ ಬಂದೆ. ಒಂದು ಬಟ್ಟಲು ಬಿಳಿ ಫೆವಿಕಾಲ್, ಅಷ್ಟೇ ಕಾರ್ನ್‌ಫ್ಲೋರ್, ಒಂದು ಚಮಚ ಕೊಬ್ಬರಿ ಎಣ್ಣೆ, ಒಂದು ಚಮಚ ನಿಂಬೆರಸ. ಹಳೆಯ ನಾನ್‌ಸ್ಟಿಕ್ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈ ಬಿಡದೆ ತಿರುವಬೇಕು. ಬಾಣಲೆಯ ಅಂಚು ಬಿಟ್ಟು ಮುದ್ದೆಯಾದ ಕೂಡಲೇ ಇಳಿಸಿ, ಬಿಸಿ ಇರುವಾಗಲೇ ಕೈಗೆ ಎಣ್ಣೆ ಸವರಿಕೊಂಡು ರೊಟ್ಟಿ ಹಿಟ್ಟಿನ ಹಾಗೆ ನಾದಬೇಕು. ಆರಿದ ಮೇಲೆ ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಒಂದು ರಾತ್ರಿ ಇಟ್ಟರೆ ಹಿಟ್ಟು ಹದಕ್ಕೆ ಬರುತ್ತದೆ. ಆ ಬಾಣಲೆಯಲ್ಲಿ ಮತ್ತೆ ಅಡುಗೆ ಮಾಡಬೇಡಿ.

ಇಲ್ಲೂ ಒಂದು ಎಡವಟ್ಟು ಮಾಡಿಕೊಂಡೆ. ನಮ್ಮ ಕಡೆ ಮೆಕ್ಕೆಜೋಳಕ್ಕೇನು ಬರ, ಗಿರಣಿಯಲ್ಲಿ ಬೀಸಿದ ಹಿಟ್ಟು ಮನೆಯಲ್ಲಿತ್ತು, ಎರಡೂ ಒಂದೇ ಅಂತ ಅದನ್ನೇ ಹಾಕಿದೆ. ತರಿತರಿಯಾಗಿ ಉಂಡೆಯೇ ಕಟ್ಟಲಿಲ್ಲ. ಅಂಗಡಿಯ ಕಾರ್ನ್‌ಫ್ಲೋರ್ ಅಂದರೆ ಕಾಳಿನ ಪಿಷ್ಟ ಮಾತ್ರ, ಬೀಸಿದ ಹಿಟ್ಟೇ ಬೇರೆ.

ಆಗ ಜನವರಿ, ಬಾರೆಹಣ್ಣಿನ ಕಾಲ. ಚಿತ್ರದಲ್ಲಿದ್ದ ಪರದೇಶದ ಹಣ್ಣಿನ ಹೆಸರೂ ನನಗೆ ಗೊತ್ತಿಲ್ಲ. ಸುಮ್ನೆ ಅದನ್ಯಾಕೆ ನಕಲು ಮಾಡಲಿ ಅನ್ನಿಸಿತು. ಬಸ್ ಸ್ಟ್ಯಾಂಡ್ ಹತ್ತಿರ ಒಂದಿಷ್ಟು ಬಾರೆಹಣ್ಣು ಕೊಂಡು ತಟ್ಟೆಯಲ್ಲಿ ಹರವಿಕೊಂಡು ಕೂತೆ. ತಿನ್ನುವಾಗ ಯಾವತ್ತೂ ಇಷ್ಟು ನೋಡಿರಲಿಲ್ಲ. ಒಂದೂ ಪೂರ್ತಿ ದುಂಡಗಿಲ್ಲ. ಒಂದು ಮಗ್ಗುಲು ಕೆಂಪಾದರೆ ಇನ್ನೊಂದು ಮಗ್ಗುಲು ಇನ್ನೂ ಹಸಿರು. ಕೆಲವು ಸುಕ್ಕು. ನನ್ನ ಮೊದಲ ಕಂತಿನ ಹಣ್ಣುಗಳು ಬಳೆ ಅಂಗಡಿಯ ಮಣಿಗಳ ಹಾಗೆ ಕಂಡದ್ದು ಯಾಕೆ ಅಂತ ಅವತ್ತು ತಿಳಿಯಿತು. ಎಲ್ಲವನ್ನೂ ಒಂದೇ ಅಳತೆಗೆ, ಒಂದೇ ಕೆಂಪಿಗೆ ಮಾಡಿಟ್ಟಿದ್ದೆ!

ಅಲ್ಲಿಂದ ಮೂರು ಅಳತೆ ಮಾಡಿಕೊಂಡೆ: ಕಡಲೆಕಾಳು, ಬಟಾಣಿ, ಗೋಲಿಗಿಂತ ಸ್ವಲ್ಪ ಸಣ್ಣದು. ಹಿಟ್ಟು ಒಣಗುತ್ತಾ ಕುಗ್ಗುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಕೊಂಚ ದೊಡ್ಡದೇ ಕಟ್ಟಬೇಕು. ದೊಡ್ಡ ಹಣ್ಣಿನ ಒಳಗೆ ಆ ಉಳಿದ ಥರ್ಮಾಕೋಲ್ ಗುಂಡು ಇಟ್ಟು ಮೇಲೆ ಹಿಟ್ಟು ಹೊದಿಸಿದೆ. ಇಲ್ಲದಿದ್ದರೆ ಬೊಕೆ ಭಾರವಾಗಿ ಮದುಮಗಳ ಕೈ ಸೋಲುತ್ತದೆ.

ತೊಟ್ಟಿಗೆ 24 ಗೇಜಿನ ತಂತಿ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು, ಅಂಗಡಿಯಲ್ಲಿ ಕೇಳುವಾಗ ನೆನಪಿರಲಿ. ತಂತಿಯ ತುದಿಯನ್ನು ಕೊಕ್ಕೆಯ ಹಾಗೆ ಮಡಚಿ, ಫೆವಿಕಾಲ್‌ನಲ್ಲಿ ಅದ್ದಿ, ಹಸಿ ಉಂಡೆಗೆ ಚುಚ್ಚಬೇಕು. ನೇರ ತಂತಿ ಚುಚ್ಚಿದರೆ ಒಣಗಿದ ಮೇಲೆ ಹಣ್ಣು ಗಿರಗಿರ ತಿರುಗಿ ಉದುರುತ್ತದೆ. ಹಣ್ಣಿನ ಇನ್ನೊಂದು ತುದಿಗೆ ಒಂದು ಲವಂಗ. ಉದ್ದದ ಕಡ್ಡಿ ಒಳಗೆ ಹೋಗಿ ಮೇಲಿನ ನಾಲ್ಕು ಎಸಳು ಮಾತ್ರ ಹೊರಗೆ ಕಾಣಬೇಕು. ಬಾರೆಹಣ್ಣಿಗೆ ಅಂಥದ್ದೇನೂ ಇಲ್ಲ, ನಿಜ. ಆದರೆ ಚೆಂದ ಕಂಡಿತು, ವಾಸನೆಯೂ ಬಂತು, ಬಿಟ್ಟೆ.

ಒಣಗಿಸಲು ಮಹಡಿಯ ಬಿಸಿಲಿಗೆ ಇಟ್ಟು ಕೆಟ್ಟೆ. ಮೇಲಿನ ಪದರ ಬೇಗ ಒಣಗಿ ಬಿಗಿಯಾಗುತ್ತದೆ, ಒಳಗೆ ಇನ್ನೂ ಹಸಿ, ಸಿಪ್ಪೆ ಸೀಳುತ್ತದೆ. 30 ಹಣ್ಣು ಹಾಗೇ ಹೋದವು. ಥರ್ಮಾಕೋಲ್ ಹಲಗೆಗೆ ಚುಚ್ಚಿ, ಫ್ಯಾನ್ ಹಾಕದೆ, ನೆರಳಲ್ಲಿ ಮೂರು ದಿನ ಬಿಟ್ಟಾಗ ಸರಿ ಬಂದವು.

ಬಣ್ಣದ ಗುಟ್ಟು ಕಿನ್ನಾಳದ್ದು, ಕಟ್ಟಿಗೆ ಗೊಂಬೆಗೆ ಹೆಸರಾದ ನಮ್ಮ ಕೊಪ್ಪಳದ ಹತ್ತಿರದ ಊರು. ಒಣಗಿದ ಹಿಟ್ಟು ಅರೆಪಾರದರ್ಶಕ ಆಗುತ್ತದೆ, ಅದರ ಮೇಲೆ ನೇರ ಕೆಂಪು ಹಚ್ಚಿದರೆ ಮಂಕು. ಕಪಾಟಿನಲ್ಲಿದ್ದ ಕಿನ್ನಾಳದ ಗೊಂಬೆ ನೋಡಿ ನನಗೆ ಹೊಟ್ಟೆಕಿಚ್ಚು, ಎಷ್ಟು ವರ್ಷವಾದರೂ ಅದರ ಕೆಂಪು ಕೆಂಪೇ. ಅವ್ವನ ತವರು ಆ ಕಡೆಯದು. "ಚಿತ್ರಗಾರರು ಮೊದ್ಲ ಬಿಳಿ ಬಳಿತಾರ, ಆಮ್ಯಾಲ ಬಣ್ಣ" ಅಂದಳು. ಹೌದು, ಅವರು ಕಟ್ಟಿಗೆಯ ಮೇಲೆ ಹುಣಸೆಬೀಜದ ಅಂಟು ಬಳಸಿ ಮೈ ತುಂಬಿಸಿ, ಅದರ ಮೇಲೆ ಬಿಳಿ ಕೊಟ್ಟೇ ಬಣ್ಣಕ್ಕೆ ಬರುತ್ತಾರೆ. ನಾನೂ ಬಿಳಿ ಅಕ್ರಿಲಿಕ್ ಒಂದು ಕೈ ಬಳಿದೆ. ಅದರ ಮೇಲೆ ಬಂದ ಕೆಂಪೇ ಬೇರೆ.

ಪೂರ್ತಿ ಕೆಂಪು ಮಾಡಲಿಲ್ಲ. ಮೊದಲು ಎಲ್ಲಕ್ಕೂ ಹಳದಿ ಬೆರೆತ ಹಸಿರು, ಒಣಗಿದ ಮೇಲೆ ಸ್ಪಂಜಿನ ಚೂರಿನಿಂದ ಒಂದು ಮಗ್ಗುಲಿಗೆ ಕೆಂಪು ತಟ್ಟಿದೆ. ಕೆಲವಕ್ಕೆ ಕಂದು ಚುಕ್ಕೆ. ಕೊನೆಗೆ ಬಣ್ಣವಿಲ್ಲದ ನೇಲ್ ಪಾಲಿಶ್. ಈ ಸಲ ಹಿಟ್ಟಿನ ಪದರ ಅಡ್ಡ ಇತ್ತು, ಒಳಗಿನ ಥರ್ಮಾಕೋಲ್ ಕರಗಲಿಲ್ಲ. ತಂಗಿ ನೋಡಿ "ಅಯ್ಯ, ಬಾರೆಹಣ್ಣು ಹಿಡ್ಕೊಂಡು ಸ್ಟೇಜ್ ಹತ್ಲೇನು?" ಅಂತ ನಕ್ಕಳು. ಆಮೇಲೆ ಅವಳೇ ಗೆಳತಿಯರಿಗೆಲ್ಲ ಫೋಟೊ ಕಳಿಸಿದಳು.

ಐದೈದು, ಏಳೇಳು ಹಣ್ಣು ಸೇರಿಸಿ, ತೊಟ್ಟು ಮೇಲೆ ಕೆಳಗೆ ಮಾಡಿ ಗೊಂಚಲು ಕಟ್ಟಿದೆ. ಹಸಿರು ಫ್ಲೋರಲ್ ಟೇಪ್ ಸುಮ್ನೆ ಸುತ್ತಿದರೆ ಅಂಟುವುದಿಲ್ಲ, ಎಳೆದು ಎಳೆದು ಸುತ್ತಬೇಕು. ಮಾಡಿದ 140ರಲ್ಲಿ ಬೊಕೆಗೆ ಹಿಡಿದದ್ದು 112.

ಆರತಕ್ಷತೆಯ ರಾತ್ರಿ ಬೊಕೆ ನಿಂತ ಹಾಗೇ ನಿಂತಿತ್ತು. ಪಕ್ಕದ ಮನೆಯ ಹುಡುಗ ಮಾತ್ರ ಒಂದು ಹಣ್ಣು ಕಿತ್ತು ಕಚ್ಚಿಬಿಟ್ಟ. ಲವಂಗದ ಘಾಟಿಗೆ ಥೂ ಅಂತ ಉಗುಳಿದ, ಪುಣ್ಯ. ಸಣ್ಣ ಮಕ್ಕಳಿದ್ದರೆ ಬೊಕೆ ಎತ್ತರದಲ್ಲಿಡಿ.

ಜುಲೈಯಲ್ಲಿ ಮಳೆಯ ತೇವಕ್ಕೆ ಏಳೆಂಟು ಹಣ್ಣು ಜಿಗುಟಾದವು. ಗೊಂಚಲಿನ ಒಳಮಗ್ಗುಲಲ್ಲಿ ನೇಲ್ ಪಾಲಿಶ್ ತಲುಪದವು ಅವು. ಕಟ್ಟುವ ಮೊದಲೇ ಒಂದೊಂದನ್ನೂ ಸುತ್ತ ತಿರುಗಿಸಿ ಹಚ್ಚಿದ್ದರೆ ಹಾಗಾಗುತ್ತಿರಲಿಲ್ಲ. ಉಳಿದ 28ರಲ್ಲಿ ಚೆನ್ನಾಗಿರುವುದನ್ನು ಆರಿಸಿ ಬದಲಿಸಿ ಕೊಟ್ಟೆ.