ಜಿಗಿಯುವ ಇರುವೆಯನ್ನು ನಾನು ಗುರುತು ಹಿಡಿದದ್ದು ಹೀಗೆ

ಇರುವೆಯ ಹೆಸರು ಕೇಳಿಕೊಂಡು ಫೋಟೋ ಕಳಿಸುವವರು ಸಾಮಾನ್ಯವಾಗಿ ಮೇಲಿನಿಂದ ತೆಗೆದ ಒಂದೇ ಒಂದು ಫೋಟೋ ಕಳಿಸುತ್ತಾರೆ. ಜೊತೆಗೆ 'ಕೆಂಪಗಿದೆ, ದೊಡ್ಡದಿದೆ, ಯಾವುದು?' ಅಂತ ಒಂದು ಸಾಲು. ಬಣ್ಣ ಹಿಡಿದುಕೊಂಡು ಹೊರಟರೆ ಇರುವೆಯ ಹೆಸರು ಸಿಗುವುದಿಲ್ಲ. ನಾನು ಶುರು ಮಾಡುವುದು ಸೊಂಟದಿಂದ. ನಮ್ಮ ಸಾಗರದ ಕಡೆ ಅಡಿಕೆ ತೋಟದ ಧರೆಯಲ್ಲಿ (ತೋಟದ ಅಂಚಿನ ಮಣ್ಣಿನ ದಿಬ್ಬದಲ್ಲಿ), ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಓಡಾಡುವ ಜಿಗಿಯುವ ಇರುವೆಯನ್ನು ನಾನು ಖಚಿತ ಮಾಡಿಕೊಂಡದ್ದೂ ಅದೇ ದಾರಿಯಲ್ಲಿ. ಗೂಡು ಅಗೆಯಲಿಲ್ಲ, ನೀವೂ ಅಗೆಯಬೇಡಿ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೇಕಾದ ಸಾಮಾನು ಕಡಿಮೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರ, ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್, ಒಂದು ಗಾಜಿನ ಲೋಟ, ಒಂದು ದಪ್ಪ ಕಾಗದ. ಇರುವೆಯ ಮೇಲೆ ಲೋಟ ಕವುಚಿ, ಅಡಿಗೆ ಕಾಗದ ತೂರಿಸಿ, ಹಾಗೇ ಫ್ರಿಜ್ಜಿನಲ್ಲಿ ಒಂದೆರಡು ನಿಮಿಷ ಇಟ್ಟರೆ ಅದು ಮಂಕಾಗಿ ನಿಲ್ಲುತ್ತದೆ. ಅಷ್ಟರಲ್ಲಿ ಪಕ್ಕದಿಂದ ಒಂದು, ಮುಖದ ಎದುರಿನಿಂದ ಒಂದು ಫೋಟೋ ತೆಗೆಯಬೇಕು, ಆಮೇಲೆ ಎಲ್ಲಿ ಹಿಡಿದೆವೋ ಅಲ್ಲೇ ಬಿಡಬೇಕು. ಬರಿಗೈಯಲ್ಲಿ ಹಿಡಿಯಬೇಡಿ, ಇದಕ್ಕೆ ಒಳ್ಳೆ ಕೊಂಡಿ ಇದೆ. ಕಾಡಿನೊಳಗೆ, ಅದರಲ್ಲೂ ಅಭಯಾರಣ್ಯದಲ್ಲಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಹಿಡಿಯಲೂಬಾರದು. ನಾನು ನೋಡುವುದೆಲ್ಲ ಮನೆಯ ತೋಟದ್ದೇ.

ಈಗ ಸೊಂಟಕ್ಕೆ ಬರೋಣ. ಎದೆಗೂ ಹೊಟ್ಟೆಗೂ ನಡುವೆ ಗಂಟು ಒಂದೋ ಎರಡೋ? ಇದಕ್ಕೆ ಒಂದೇ. ಮರದ ಕಾಂಡದ ಮೇಲೆ ಓಡಾಡುವ, ಎದೆ ಮಾತ್ರ ಕೆಂಪಗಿದ್ದು ತಲೆ ಮತ್ತು ಹೊಟ್ಟೆ ಕಪ್ಪಗಿರುವ, ಕಚ್ಚಿದರೆ ಕಣ್ಣಲ್ಲಿ ನೀರು ಬರಿಸುವ ಇನ್ನೊಂದು ಇರುವೆ ನಮ್ಮಲ್ಲಿದೆಯಲ್ವಾ, ಟೆಟ್ರಾಪೊನೆರಾ, ಅದಕ್ಕೂ ಕಣ್ಣು ದೊಡ್ಡದು, ದೇಹ ಉದ್ದ. ದೂರದಿಂದ ನೋಡಿದವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಆದರೆ ಅದರ ಸೊಂಟದಲ್ಲಿ ಎರಡು ಗಂಟು. ಅಲ್ಲಿಗೆ ಅದು ಬೇರೆ ಉಪಕುಟುಂಬವೇ ಆಯಿತು.

ಒಂದು ಗಂಟು ಅಂತ ಆದಮೇಲೆ ಹೊಟ್ಟೆ ನೋಡಬೇಕು. ಮೊದಲ ಖಂಡಕ್ಕೂ ಎರಡನೆಯದಕ್ಕೂ ನಡುವೆ ದಾರ ಬಿಗಿದ ಹಾಗೆ ಸ್ವಲ್ಪ ಒಳಕ್ಕೆ ಹೋಗಿರುತ್ತದೆ, ತುದಿಯಲ್ಲಿ ಕೊಂಡಿ. ಈ ಎರಡೂ ಇದ್ದರೆ ಪೊನೆರಿನೇ ಉಪಕುಟುಂಬದ ಕಡೆ ಹೋಗಬಹುದು. ಅಲ್ಲಿಂದ ಮುಂದೆ ಮುಖವೇ ಎಲ್ಲ ಹೇಳಿಬಿಡುತ್ತದೆ. ದವಡೆಗಳು ಉದ್ದಕ್ಕೆ ಮುಂದೆ ಚಾಚಿ ತುದಿಯಲ್ಲಿ ಮೇಲಕ್ಕೆ ಬಾಗಿರುತ್ತವೆ. ಕಣ್ಣುಗಳು ವಿಪರೀತ ದೊಡ್ಡವು, ತಲೆಯ ಮುಂಭಾಗದಲ್ಲಿ, ದವಡೆ ಹುಟ್ಟುವ ಜಾಗಕ್ಕೆ ತಾಗಿದಂತೆ ಕೂತಿರುತ್ತವೆ. ಈ ಕಣ್ಣು ಈ ದವಡೆ ಒಟ್ಟಿಗೆ ಕಂಡರೆ ಕುಲ ಹಾರ್ಪೆಗ್ನಾಥೋಸ್. ದವಡೆ ಉದ್ದವಿರುವ ಒಡೊಂಟೊಮ್ಯಾಕಸ್ ಕೂಡ ಪೊನೆರಿನೇಯದೇ, ಅದೂ ಚಿಮ್ಮುತ್ತದೆ, ಆದರೆ ಅದು ದವಡೆಯನ್ನು ಅಗಲಕ್ಕೆ ತೆರೆದು ಫಟ್ ಅಂತ ಮುಚ್ಚಿದ ರಭಸಕ್ಕೆ ಹಿಂದಕ್ಕೆ ಹಾರುವುದು. ನಮ್ಮದು ನಡುವಿನ ಮತ್ತು ಹಿಂದಿನ ಕಾಲುಗಳಿಂದ ನೆಲ ಒದ್ದು ಮುಂದಕ್ಕೆ ಹಾರುತ್ತದೆ.

ಬಣ್ಣ ಕೆಲಸಕ್ಕೆ ಬರುವುದು ಕೊನೆಯ ಮೆಟ್ಟಿಲಲ್ಲಿ. ಭಾರತದಲ್ಲಿ ಸಿಗುವ ಹಾರ್ಪೆಗ್ನಾಥೋಸ್‌ಗಳಲ್ಲಿ ವೆನೇಟರ್ ಅನ್ನುವುದು ಕಪ್ಪು, ಈಶಾನ್ಯದ ಕಡೆ ಜಾಸ್ತಿ. ನಮ್ಮಲ್ಲಿಯದು ತಲೆ, ಎದೆ ಇಟ್ಟಿಗೆ ಕೆಂಪು, ಹೊಟ್ಟೆ ಕಪ್ಪು, ಕಾಲು ಹಳದಿ. ಹಾರ್ಪೆಗ್ನಾಥೋಸ್ ಸಾಲ್ಟೇಟರ್. ಹೆಸರಿಟ್ಟವನು ಜರ್ಡನ್, ಮದ್ರಾಸ್ ಸೇನೆಯಲ್ಲಿ ವೈದ್ಯನಾಗಿದ್ದವನು, 1851ರಲ್ಲಿ.

ಹೆಸರು ಸಿಕ್ಕಿದ ಮೇಲೆ ನನಗೆ ನಿಜವಾದ ನೋಟ ಶುರುವಾಯಿತು. ಇದು ಸಾಲಿನಲ್ಲಿ ಹೋಗುವ ಇರುವೆಯಲ್ಲ. ಹಗಲಿನಲ್ಲಿ ಒಂಟಿಯಾಗಿ ಬೇಟೆಗೆ ಹೊರಡುತ್ತದೆ. ಒಣಗಿದ ಅಡಿಕೆ ಸೋಗೆಯ ಮೇಲೆ ಒಂದು ಹೋಗುತ್ತಿತ್ತು, ಎದುರಿಗೆ ಎಳೇ ಮಿಡತೆ. ಇರುವೆ ನಿಂತಿತು. ಮೈ ಅಲ್ಲಾಡಲಿಲ್ಲ, ತಲೆ ಮಾತ್ರ ಸ್ವಲ್ಪ ಸ್ವಲ್ಪವೇ ಮಿಡತೆಯ ಕಡೆ ತಿರುಗಿತು. ಮಿಡತೆ ಒಂದು ಹೆಜ್ಜೆ ಇಟ್ಟರೆ ತಲೆಯೂ ಅಷ್ಟೇ ತಿರುಗುತ್ತಿತ್ತು. ಆಮೇಲೆ ಹಾರಿದ್ದು ನನಗೆ ಕಾಣಲೇ ಇಲ್ಲ, ನೋಡುವಷ್ಟರಲ್ಲಿ ಮಿಡತೆ ದವಡೆಯಲ್ಲಿತ್ತು, ಹೊಟ್ಟೆ ಕೆಳಗಿನಿಂದ ಬಾಗಿ ಕೊಂಡಿ ಚುಚ್ಚಿಯಾಗಿತ್ತು. ಬೇಟೆಗೆ ಹಾರುವುದು ಸುಮಾರು 2 ಸೆಂ.ಮೀ. ಅಷ್ಟೇ, ತಪ್ಪಿಸಿಕೊಳ್ಳಬೇಕಾದರೆ 10 ಸೆಂ.ಮೀ.ವರೆಗೂ ಹಾರುತ್ತದೆ ಅಂತ ಅಳೆದವರು ಬರೆದಿದ್ದಾರೆ. ಕೊಂಡಿ ಚುಚ್ಚಿದ ಹುಳ ಸಾಯುವುದಿಲ್ಲ, ಮರಗಟ್ಟುತ್ತದೆ. ಗೂಡಿನಲ್ಲಿ ಮರಿಗಳಿಗೆ ತಾಜಾ ಊಟ ಸಿಗುವುದು ಹಾಗೆ.

ಗೂಡು ಬೇಕೆಂದರೆ ಬೇಟೆ ಹೊತ್ತ ಇರುವೆಯ ಹಿಂದೆ ಹೋಗಬೇಕು. ಖಾಲಿ ಬಾಯಿಯ ಇರುವೆ ಸುತ್ತಾಡುತ್ತಲೇ ಇರುತ್ತದೆ, ಹೊರೆ ಹೊತ್ತದ್ದು ಮನೆಗೆ ಹೋಗುತ್ತದೆ. ಎರಡು ಮಾರು ಹಿಂದೆ ಇರಿ, ನಿಮ್ಮ ನೆರಳು ಅದರ ಮೇಲೆ ಬೀಳಬಾರದು, ಕಣ್ಣಿನಿಂದಲೇ ಬದುಕುವ ಜೀವ ಅದು. ನನ್ನ ಧರೆಯಲ್ಲಿ ತೂತು ತರಗೆಲೆಯ ಅಡಿಯಲ್ಲಿತ್ತು, ಹಿಂಬಾಲಿಸದೆ ಹೋಗಿದ್ದರೆ ಸಿಗುತ್ತಲೇ ಇರಲಿಲ್ಲ.

ಅಗೆಯಬೇಡಿ ಅಂತ ನಾನು ಇಷ್ಟು ಹೇಳುವುದಕ್ಕೆ ಕಾರಣ ಆ ಗೂಡೇ. ನಮ್ಮ ಜೋಗದ ಸುತ್ತಮುತ್ತ ಇರುವೆ ಸಂಶೋಧಕರಾದ ಪೀಟರ್ಸ್, ಹೋಲ್ಡಾಬ್ಲರ್, ಮಾಫೆಟ್ ಮತ್ತು ನಮ್ಮವರೇ ಆದ ಮುಸ್ತಾಕ್ ಅಲಿ ಈ ಗೂಡುಗಳನ್ನು ಬಿಡಿಸಿ ನೋಡಿ 1994ರಲ್ಲಿ ಬರೆದರು. ಮೇಲಿನ ಕೋಣೆಗೆ ಕಮಾನಿನಂಥ ಸೂರು, ಅದರ ಸುತ್ತ ಮಣ್ಣಿನಲ್ಲಿ ಖಾಲಿ ಜಾಗ. ಜೋರು ಮಳೆ ಬಂದರೆ ನೀರು ಆ ಖಾಲಿ ಜಾಗದಲ್ಲಿ ಇಳಿದು ಹೋಗುತ್ತದೆ, ಕೋಣೆಗೆ ನುಗ್ಗುವುದಿಲ್ಲ. ಒಳಗೋಡೆಗೆ, ಇರುವೆ ಬೆಳೆದು ಹೊರಬಂದ ಮೇಲೆ ಉಳಿಯುವ ಖಾಲಿ ಕೋಶದ ಚೂರುಗಳನ್ನು ಅಂಟಿಸಿರುತ್ತವೆ. ಕಸಕ್ಕೆ ಬೇರೆಯೇ ಕೋಣೆ, ಅದರಲ್ಲಿ ಕಸ ತಿನ್ನುವ ನೊಣದ ಮರಿಗಳು. ಇಷ್ಟನ್ನೂ ಕಟ್ಟುವುದು ಹೆಚ್ಚಾಗಿ ನೂರು ಕೂಡ ಮುಟ್ಟದ ಒಂದು ಸಂಸಾರ!

ಇನ್ನೊಂದು ವಿಷಯ ಗೂಡಿನ ಒಳಗಿನದು, ಹೊರಗೆ ಕೂತ ನನಗೆ ಕಾಣುವುದಲ್ಲ, ಲ್ಯಾಬಿನಲ್ಲಿ ಸಾಕಿದವರು ಕಂಡದ್ದು. ರಾಣಿ ಸತ್ತರೆ ಈ ಸಂಸಾರ ಮುಗಿಯುವುದಿಲ್ಲ. ಕೆಲಸಗಾರ ಇರುವೆಗಳೇ ಮೀಸೆಯಿಂದ ಮೀಸೆಗೆ ಬಡಿದಾಡಿ ವಾರಗಟ್ಟಲೆ ಪೈಪೋಟಿ ನಡೆಸುತ್ತವೆ, ಗೆದ್ದ ಕೆಲವು ಮೊಟ್ಟೆ ಇಡಲು ಶುರು ಮಾಡುತ್ತವೆ. ಗೆದ್ದವುಗಳ ಮಿದುಳು ಸುಮಾರು ಶೇ. 20ರಷ್ಟು ಕುಗ್ಗುತ್ತದೆ, ಅಂಡಾಶಯ ಹಿಗ್ಗುತ್ತದೆ, ಏಳು ತಿಂಗಳ ಆಯುಸ್ಸು ಮೂರು ನಾಲ್ಕು ವರ್ಷಕ್ಕೆ ಹೋಗುತ್ತದೆ. ಆ ಸ್ಥಾನದಿಂದ ಇಳಿಸಿದರೆ ಮಿದುಳು ಮತ್ತೆ ಮೊದಲಿನಷ್ಟೇ ಬೆಳೆಯುತ್ತದೆ ಎಂದು 2021ರಲ್ಲಿ ಪ್ರಕಟವಾಯಿತು. ಹೊರದೇಶದ ಲ್ಯಾಬುಗಳಲ್ಲಿ ಅಧ್ಯಯನಕ್ಕೆ ಸಾಕಿರುವ ಈ ಇರುವೆಗಳಲ್ಲಿ ಕರ್ನಾಟಕದಿಂದ ಹೋದ ಗೂಡುಗಳ ಸಂತತಿಯೂ ಇದೆ. ನಮ್ಮ ಧರೆಯ ಜೀವ ಅದು, ನಮಗೆ ಗೊತ್ತಿರಬೇಡವೇ?

ಈಗ ಆ ತೂತಿನ ಪಕ್ಕ ಒಂದು ಗೂಟ ನೆಟ್ಟಿದ್ದೇನೆ. ಧರೆ ಸವರುವವರು ಬಂದಾಗ ಗೂಟದ ಸುತ್ತ ಒಂದು ಮಾರು ಜಾಗಕ್ಕೆ ಕತ್ತಿ, ಗುದ್ದಲಿ ಮುಟ್ಟಿಸಬೇಡಿ ಎಂದು ಹೇಳಿದ್ದೇನೆ, ಕೇಳುತ್ತಾರೆ. ನಿಮ್ಮ ತೋಟದಲ್ಲೂ ಒಂಟಿಯಾಗಿ ಓಡಾಡುವ ಉದ್ದ ದವಡೆಯ ಇರುವೆ ಕಂಡರೆ ಪಕ್ಕದಿಂದ ಮತ್ತು ಎದುರಿನಿಂದ ಫೋಟೋ ತೆಗೆದು ಕಳಿಸಿ. ಸೊಂಟ ಮಸುಕಾಗದೆ ಕಾಣುವ ಹಾಗಿರಲಿ.